ಟ್ರಿಪ್ ಎಣಿಸಿದರೆ ಹೂಳಿನ ಲೆಕ್ಕ ಸಿಗದು

ಮಾನ್ಯ ಸಂಪಾದಕರೇ,

ಆಳಂದ ತಾಲ್ಲೂಕಿನ ನಮ್ಮೂರ ಕೆರೆಯಲ್ಲಿ ಈ ಬೇಸಿಗೆ ಹೂಳೆತ್ತಿದರು. ಎಷ್ಟು ತೆಗೆದಿರಿ ಎಂದು ಕೇಳಿದರೆ ಟಿಪ್ಪರ್ ಟ್ರಿಪ್‌ಗಳ ಪಟ್ಟಿ ಕೊಡುತ್ತಾರೆ. ಎರೆಮಣ್ಣು ಅಗೆದ ಕೂಡಲೇ ಉಬ್ಬುತ್ತದೆ, ಹಾಗಾಗಿ ಟಿಪ್ಪರ್‌ನಲ್ಲಿ ಜಾಸ್ತಿ ಕಾಣುತ್ತದೆ. ಕೆರೆಯಲ್ಲಿ ಆದ ಗುಂಡಿ ಅದಕ್ಕಿಂತ ಚಿಕ್ಕದು. ಅಗೆಯುವ ಮುಂಚೆ ತಳದ ಲೆವೆಲ್, ಅಂದರೆ ಎತ್ತರದ ಅಳತೆ, ಅಂತೂ ಯಾರೂ ತೆಗೆದಿಲ್ಲ.

ನಾನು ಕರಾವಳಿಯಲ್ಲಿ ಬಂದರಿನ ಸರ್ವೇ ದೋಣಿಯಲ್ಲಿ ದುಡಿದು ಊರಿಗೆ ಮರಳಿದವನು. ನವ ಮಂಗಳೂರು ಬಂದರಿಗೆ ಹಡಗು ಬರುವ ದಾರಿ ಸಮುದ್ರದ ತಳ ಅಗೆದು ಮಾಡಿದ್ದು. ಮಳೆಗಾಲದ ಅಲೆಗಳಿಗೆ ಕೆಸರು ಬಂದು ತುಂಬುತ್ತದೆ, ಆಮೇಲೆ ಮತ್ತೆ ಡ್ರೆಜಿಂಗ್. ಇಂಥ ಕೆಲಸದಲ್ಲಿ ಅಗೆಯುವ ಮುಂಚೆ ಒಂದು ಸರ್ವೇ, ಅಗೆದ ಮೇಲೆ ಇನ್ನೊಂದು. ಎರಡರ ವ್ಯತ್ಯಾಸವೇ ಲೆಕ್ಕ.

ಅದೂ ಸುಲಭವೇನಲ್ಲ. ದೋಣಿಯಿಂದ ನೀರೊಳಗೆ ಸದ್ದು ಬಿಟ್ಟು, ಅದು ತಳಕ್ಕೆ ಬಡಿದು ವಾಪಸ್ ಬರುವ ಹೊತ್ತಿನಿಂದ ಆಳ ಲೆಕ್ಕ ಹಾಕುತ್ತೇವೆ. ಮೆತ್ತನೆ ಕೆಸರಿನ ಮೇಲೆ 200 ಕಿಲೋಹರ್ಟ್ಸ್‌ನ ಸದ್ದು ಬಿಟ್ಟರೆ ಮೇಲ್ಪದರದಿಂದಲೇ ವಾಪಸ್ ಬರುತ್ತದೆ. 33 ಕಿಲೋಹರ್ಟ್ಸ್‌ನದು ಒಳಗಿಳಿದು ಗಟ್ಟಿ ತಳ ಮುಟ್ಟಿ ಬರುತ್ತದೆ. ಒಂದೇ ಜಾಗ, ಒಂದೇ ಹೊತ್ತು, ಆಳ ಮಾತ್ರ ಎರಡು! ಸರಾಸರಿಯೂ ಮೋಸ ಮಾಡುತ್ತದೆ. ದಾರಿಯ ಸರಾಸರಿ ಆಳ ಚೆನ್ನಾಗಿದ್ದರೂ ಹಡಗು ತಗಲುವುದು ದಿಬ್ಬ ಇರುವ ಕಡೆಯೇ ಅಲ್ವಾ? ಹೊಸದಾಗಿ ಅಗೆದ ಗುಂಡಿ ಮೊದಲು ಬೇಗ ತುಂಬಿ, ಆಮೇಲೆ ನಿಧಾನವಾಗುವುದೂ ಉಂಟು. ಮೊದಲ ವರ್ಷದ ಅಂಕಿಯನ್ನು ಹತ್ತರಿಂದ ಗುಣಿಸಿ ಹತ್ತು ವರ್ಷದ ಅಂದಾಜು ಕೊಡುವವರನ್ನು ನಾನು ನಂಬುವುದಿಲ್ಲ.

ಕೆರೆಗೂ ಇದೇ ಮಾತು. ನೂರು ಎಕರೆ ಕೆರೆಯಲ್ಲಿ ಅಳತೆ 10 ಸೆಂಟಿಮೀಟರ್ ತಪ್ಪಿದರೆ ಸುಮಾರು 40,000 ಘನ ಮೀಟರ್ ಹೂಳು ಕಾಗದದ ಮೇಲೆ ಹುಟ್ಟುತ್ತದೆ, ಇಲ್ಲವೇ ಮಾಯವಾಗುತ್ತದೆ. ತುಂಗಭದ್ರಾ ಜಲಾಶಯವನ್ನೇ ನೋಡಿ. 2008ರ ಸರ್ವೇಯಲ್ಲಿ ಅದರ ಸಾಮರ್ಥ್ಯ 100.855 ಟಿಎಂಸಿ ಅಡಿ. 2016ರ ಸರ್ವೇಯಲ್ಲಿ 105.788. ನಡುವೆ ಅಷ್ಟೊಂದು ಹೂಳು ತಾನಾಗೇ ಎದ್ದು ಹೋಗಲಿಲ್ಲ. ಅಳತೆಯಲ್ಲೇ ಅಷ್ಟು ಅಂತರ. ದೊಡ್ಡ ಜಲಾಶಯದ ಗತಿಯೇ ಹೀಗಾದರೆ ನಮ್ಮ ಕೆರೆಯ ಟ್ರಿಪ್ ಪಟ್ಟಿಯನ್ನು ಏನನ್ನುವುದು?

ಮುಂದಿನ ಬೇಸಿಗೆ ಪಕ್ಕದ ಊರ ಕೆರೆಯ ಸರದಿಯಂತೆ. ಅಲ್ಲಾದರೂ ಜೆಸಿಬಿ ಇಳಿಯುವ ಮುಂಚೆ ತೂಬಿನ ಹತ್ತಿರ ಒಂದು ಬೆಂಚ್ ಮಾರ್ಕ್, ಅಂದರೆ ಎತ್ತರ ಅಳೆಯಲು ಕದಲದ ಗುರುತು, ಹಾಕಲಿ. ಕೆರೆಗೆ ಅಡ್ಡಲಾಗಿ ಗೆರೆಗಳನ್ನು ಗುರುತಿಸಿ ಲೆವೆಲ್ ತೆಗೆಯಲಿ. ಕೆಲಸ ಮುಗಿದ ಮೇಲೆ ಒಮ್ಮೆ, ಮಳೆಗಾಲ ಕಳೆದು ನೀರು ಇಳಿದ ಮೇಲೆ ಇನ್ನೊಮ್ಮೆ ಅದೇ ಗೆರೆಗಳ ಮೇಲೆ ಅಳೆಯಲಿ. ಎಷ್ಟು ಹೆಚ್ಚುಕಡಿಮೆ ಇರಬಹುದು ಎಂಬುದನ್ನೂ ಸೇರಿಸಿ ಆ ಅಂಕಿಗಳನ್ನು ಪಂಚಾಯಿತಿ ಬೋರ್ಡ್ ಮೇಲೆ ಬರೆಯಲಿ. ಬಿಲ್ ಪಾಸಾಗುವುದು ಅದಾದ ಮೇಲೆ.

– ನಿವೃತ್ತ ಸರ್ವೇಯರ್, ಆಳಂದ ತಾಲ್ಲೂಕು, ಕಲಬುರಗಿ ಜಿಲ್ಲೆ