ಬಿದ್ದವರನ್ನು ಎತ್ತುವುದು ಹೇಗೆಂದು ನಮಗೆ ಕಲಿಸಿ: ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರ ಸನ್ನಿಧಿಗೆ,

ವಿಷಯ: ಅಡಿಕೆ ತೋಟಗಳಲ್ಲಿ ಮರ ಹತ್ತುವವರಿಗೆ ಮತ್ತು ಅವರ ಜೊತೆಗೆ ಕೆಲಸ ಮಾಡುವವರಿಗೆ ಮಳೆಗಾಲಕ್ಕೆ ಮೊದಲು ಪ್ರಥಮ ಚಿಕಿತ್ಸೆಯ ತರಬೇತಿ ನೀಡುವ ಕುರಿತು.

ಮಾನ್ಯರೇ,

ನಾನು ಘಟ್ಟದ ಮೇಲಿನ ಒಂದು ಕಣಿವೆಯಲ್ಲಿ 1 ಎಕರೆ 20 ಗುಂಟೆ ಅಡಿಕೆ ತೋಟ ಮಾಡಿಕೊಂಡಿರುವ ರೈತ. ಇದೇ ವಿಷಯವಾಗಿ ಕಳೆದ ನಾಲ್ಕು ವರ್ಷಗಳಲ್ಲಿ ಮೂರು ಕಚೇರಿಗಳಿಗೆ ಲಿಖಿತ ಮನವಿ ಕೊಟ್ಟಿದ್ದೇನೆ. ಆ ಕಚೇರಿಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಯಾರನ್ನೂ ದೂರುವುದಕ್ಕಾಗಿ ಈ ಪತ್ರವನ್ನು ಬರೆಯುತ್ತಿಲ್ಲ. ಮೊದಲನೆಯ ಕಡೆ ಇದು ಆರೋಗ್ಯದ ವಿಷಯವೆಂದರು, ಎರಡನೆಯ ಕಡೆ ಕಾರ್ಮಿಕರ ವಿಷಯವೆಂದರು, ಮೂರನೆಯ ಕಡೆ ತೋಟದ ಕೆಲಸವಾದ್ದರಿಂದ ಮೊದಲು ಕೊಟ್ಟಲ್ಲಿಗೇ ಮತ್ತೆ ಕೊಡಿ ಎಂದರು. ಮೂರೂ ಅರ್ಜಿಗಳ ಸ್ವೀಕೃತಿ ಮುದ್ರೆ ಇರುವ ಪ್ರತಿಗಳು ನನ್ನ ಬಳಿ ಇವೆ. ಲಿಖಿತ ಉತ್ತರ ಒಂದಕ್ಕೂ ಬಂದಿಲ್ಲ.

ತಾವು ಈ ಸೀಮೆಗೆ ಹೊಸಬರಾಗಿದ್ದರೆ ಕೊನೆಗೌಡರೆಂದರೆ ಯಾರೆಂದು ಹೇಳಬೇಕಾಗುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಸಾಗರದ ಕಡೆಯ ತೋಟಗಳಲ್ಲಿ ಅಡಿಕೆ ಮರ ಹತ್ತಿ ಕೊನೆ (ಅಡಿಕೆಯ ಗೊನೆ) ಕೊಯ್ಯುವವರು, ಔಷಧಿ ಹೊಡೆಯುವವರು ಅವರು. ಕೊಳೆರೋಗ ಬಾರದಂತೆ, 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಮತ್ತು 1 ಕಿಲೋ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಹೊತ್ತಿಗೆ ಒಮ್ಮೆ, ಮತ್ತೆ 40-45 ದಿನ ಕಳೆದು ಇನ್ನೊಮ್ಮೆ, ಪ್ರತಿಯೊಂದು ಮರದ ಕೊನೆಗೂ ಹೊಡೆಯಬೇಕು. ಎಂದರೆ ವರ್ಷದಲ್ಲಿ ಮರ ಅತಿ ಹೆಚ್ಚು ಜಾರುವ ದಿನಗಳಲ್ಲೇ ಅವರು ಮರದ ಮೇಲಿರಬೇಕು. ಹಾವಸೆ ಕಟ್ಟಿದ ಕಾಂಡವನ್ನು ಐವತ್ತು ಅರವತ್ತು ಅಡಿ ಏರಿ, ಪಕ್ಕದ ಮರವನ್ನು ಎಳೆದು ಹಿಡಿದು, ನೆಲಕ್ಕೆ ಇಳಿಯದೆಯೇ ಒಂದರಿಂದ ಇನ್ನೊಂದಕ್ಕೆ ದಾಟುತ್ತಾ ಅವರು ಮಾಡುವ ಕೆಲಸವನ್ನು ತಾವು ಒಮ್ಮೆ ಕೆಳಗೆ ನಿಂತು ನೋಡಬೇಕು. ನಮ್ಮ ಸೀಮೆಯ ಮನೆಗಳ ಅನ್ನ ಆ ಎತ್ತರದಲ್ಲಿದೆ.

ನೆಲದಲ್ಲೇ ನಿಂತು ಕೊನೆ ಕೊಯ್ಯಲು, ಔಷಧಿ ಹೊಡೆಯಲು ಕಾರ್ಬನ್ ಫೈಬರ್ ದೋಟಿಗಳು (ಉದ್ದನೆಯ ಗಳಗಳು) ಬಂದಿವೆ, ಅವುಗಳಿಗೆ ಸಹಾಯಧನವೂ ಇದೆ ಎಂಬುದನ್ನು ಬಲ್ಲೆ. ಆದರೆ ಇಳಿಜಾರಿನ ತೋಟಗಳಲ್ಲಿ, ಹಳೆಯ ಎತ್ತರದ ಮರಗಳಲ್ಲಿ ಇಂದಿಗೂ ಮನುಷ್ಯರೇ ಹತ್ತುತ್ತಾರೆ.

ನಾಲ್ಕು ವರ್ಷಗಳ ಹಿಂದೆ ಆಗಸ್ಟ್ ತಿಂಗಳಿನಲ್ಲಿ, ಎರಡನೆಯ ಔಷಧಿಯ ದಿನ, ನನ್ನ ತಂದೆಯ ಕಾಲದಿಂದ ನಮ್ಮ ತೋಟದ ಮರ ಹತ್ತುತ್ತಿದ್ದ ಕೊನೆಗೌಡರು ಇಳಿಯುವಾಗ ಜಾರಿ, ಸುಮಾರು 25 ಅಡಿ ಎತ್ತರದಿಂದ, ಬೆನ್ನು ಅಡಿಯಾಗಿ ಕಾದಿಗೆಯ (ತೋಟದ ನೀರು ಹರಿಯುವ ಕಾಲುವೆಯ) ಅಂಚಿಗೆ ಬಿದ್ದರು. ನಾನು ಓಡಿ ಹೋದಾಗ ಅವರಿಗೆ ಪೂರ್ಣ ಎಚ್ಚರವಿತ್ತು. "ಹೆಗಡೇರೇ, ಬೆನ್ನು ಹೋಯ್ತು" ಎಂದರು. ನೋವಿನಲ್ಲಿ ಎರಡೂ ಕಾಲುಗಳನ್ನು ಮಡಿಸಿ ಚಾಚಿದರು. ಕಾಲುಗಳು ಆಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಈ ಮಾತನ್ನು ಮರೆಯಬೇಡಿ ಎಂದು ತಮ್ಮಲ್ಲಿ ಕೇಳಿಕೊಳ್ಳುತ್ತೇನೆ.

ಆಮೇಲೆ ಮಾಡಿದ್ದೆಲ್ಲವನ್ನೂ ಮಾಡಿದವನು ನಾನು. ಕಂಕುಳಿಗೆ ಕೈ ಹಾಕಿ ಅವರನ್ನು ಎಬ್ಬಿಸಿ ಮರಕ್ಕೆ ಒರಗಿಸಿ ಕೂರಿಸಿದೆ. ನೀರು ಕುಡಿಸಿದೆ. ನನ್ನ ಮನೆಯವರು ತಂದ ಎಣ್ಣೆಯನ್ನು ಬೆನ್ನಿಗೆ ಹಾಕಿ ಬಲವಾಗಿ ನೀವಿದೆ. ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲವಾದ್ದರಿಂದ, ಅಂದು ಪಂಪಿನ ಬಳಿ ಇದ್ದ ಅವರ ಹದಿನಾರು ವರ್ಷದ ಮಗ ಗುಡ್ಡದ ನೆತ್ತಿಗೆ ಓಡಿ 108ಕ್ಕೆ ಕರೆ ಮಾಡಿದ. ವಾಹನ ಬೇರೆ ಕರೆಗೆ ಹೋಗಿದೆ, ತಡವಾಗುತ್ತದೆ ಎಂಬ ಉತ್ತರ ಬಂತು. ನಾವು ಕಾಯಲಿಲ್ಲ. ಕಂಬಳಿಯ ಜೋಲಿ ಕಟ್ಟಿ, ಬಿದಿರಿನ ಗಳಕ್ಕೆ ಸಿಕ್ಕಿಸಿ, ನಾಲ್ವರು ಹೊತ್ತು, ಮಳೆಯಲ್ಲಿ ಕಾಲುಸಂಕ (ಕಾಲುಸೇತುವೆ) ದಾಟಿ, ಒಂದು ಕಿಲೋಮೀಟರ್ ದೂರದ ಟಾರು ರಸ್ತೆಗೆ ತಂದೆವು. ಜೋಲಿಯಲ್ಲಿ ಅವರ ದೇಹ ಬಿಲ್ಲಿನಂತೆ ಬಾಗಿತ್ತು. ಸಂಕದ ಮೇಲೆ ಕಾಲು ಜಾರಿದಾಗಲೆಲ್ಲ ಜೋಲಿ ತೂಗಾಡಿತು. ರಸ್ತೆಯಲ್ಲಿ ಸಿಕ್ಕ ಜೀಪಿನ ಹಿಂದಿನ ಸೀಟಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೊರಟೆವು. ಅರ್ಧ ದಾರಿಯಲ್ಲಿ ಅವರು ಮೆಲ್ಲಗೆ, "ಹೆಗಡೇರೇ, ಕಾಲು ಎಲ್ಲಿದೆ ಅಂತ ಗೊತ್ತಾಗ್ತಾ ಇಲ್ಲ" ಎಂದರು.

ತಾಲ್ಲೂಕು ಕೇಂದ್ರದಿಂದ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ಆಸ್ಪತ್ರೆಯೊಂದರ ವೈದ್ಯರು ನನ್ನನ್ನು ಬದಿಗೆ ಕರೆದು, ಇವರನ್ನು ಹೇಗೆ ತಂದಿರಿ ಎಂದು ಕೇಳಿದರು. ಹೇಳಿದೆ. ಅವರು ಬಯ್ಯಲಿಲ್ಲ. ಬೆನ್ನೆಲುಬು ಮುರಿದಿದ್ದರೂ ಒಳಗಿನ ನರದ ಹುರಿ ಉಳಿದಿರಬಹುದು, ಆಮೇಲೆ ಕೂರಿಸಿ, ಬಗ್ಗಿಸಿ, ಎಳೆದಾಡಿದಾಗ ಮುರಿದ ಎಲುಬು ಅದನ್ನು ಜಜ್ಜಬಹುದು. ಇವರ ವಿಷಯದಲ್ಲಿ ಬಿದ್ದಾಗ ಎಷ್ಟು ಹಾನಿಯಾಯಿತು, ತರುವಾಗ ಎಷ್ಟಾಯಿತು ಎಂದು ಈಗ ಯಾರೂ ಹೇಳಲಾರರು ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹಾಗೆ ಹೇಳಿದರು. ನಾಲ್ಕು ವರ್ಷಗಳಿಂದ ಆ ಮಾತು ನನ್ನನ್ನು ನಿದ್ದೆಯಿಂದ ಎಬ್ಬಿಸುತ್ತಿದೆ. ಕೊನೆಗೌಡರು ಇಂದಿಗೂ ಮಲಗಿದಲ್ಲೇ ಇದ್ದಾರೆ. ಅವರ ಮನೆಗೆ ಹೋದರೆ ಅವರ ಹೆಂಡತಿ ನನಗೆ ಚಹಾ ಕೊಡುತ್ತಾರೆ, ಒಂದು ಕಟುವಾದ ಮಾತನ್ನೂ ಆಡುವುದಿಲ್ಲ.

ಮರುವರ್ಷ ನಾನು ಪಟ್ಟಣಕ್ಕೆ ಹೋಗಿ, ಸ್ವಂತ ಖರ್ಚಿನಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ ಪಡೆದೆ. ಎತ್ತರದಿಂದ ಬಿದ್ದವರನ್ನು ಕೂರಿಸಬಾರದು. ಉಸಿರಾಟಕ್ಕೆ ತೊಂದರೆಯಿಲ್ಲದಿದ್ದರೆ, ಬೇರೆ ಅಪಾಯವೂ ಇಲ್ಲದಿದ್ದರೆ, ಇದ್ದಲ್ಲಿಯೇ ಅಲುಗದಂತೆ ಇರಿಸಿ, ಬೆಚ್ಚಗೆ ಹೊದಿಸಿ, ಸಹಾಯ ಬರುವವರೆಗೆ ಒಬ್ಬರು ತಲೆಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಿರಬೇಕು. ಸಾಗಿಸಲೇಬೇಕಾದರೆ ನಾಲ್ಕೈದು ಜನ ಸೇರಿ, ತಲೆ ಹಿಡಿದವರು ಹೇಳಿದಾಗ ಮಾತ್ರ, ತಲೆ, ಕುತ್ತಿಗೆ, ಬೆನ್ನು, ಸೊಂಟ ಒಂದೇ ಗೆರೆಯಲ್ಲಿರುವಂತೆ ಒಮ್ಮೆಗೇ ಹೊರಳಿಸಿ, ಗಟ್ಟಿಯಾದ ಹಲಗೆಯ ಮೇಲೆ ಮಲಗಿಸಿ ಕಟ್ಟಬೇಕು. ಶಿಕ್ಷಕರು ಇದನ್ನು ಹೇಳಿ, ನಮ್ಮ ಕೈಯಿಂದಲೇ ಮಾಡಿಸಲು ಹಿಡಿದದ್ದು ಮುಕ್ಕಾಲು ಗಂಟೆ. ಹಲಗೆ ಇಲ್ಲದಿದ್ದರೆ ಬಾಗಿಲು ಸಾಕೆಂದರು. ಆ ದಿನ ನಮ್ಮ ತೋಟದ ತಲೆಯಲ್ಲೇ ಇದ್ದ ಕೊಟ್ಟಿಗೆಗೆ ಒಂದು ಬಾಗಿಲಿತ್ತು. ನಾಲ್ಕು ಜನ ಗಟ್ಟಿ ಆಳುಗಳಿದ್ದರು. ಇಲ್ಲದೆ ಇದ್ದದ್ದು ಆ ಮುಕ್ಕಾಲು ಗಂಟೆಯ ತಿಳಿವಳಿಕೆ ಮಾತ್ರ.

ಆ ತಿಳಿವಳಿಕೆಯನ್ನು ಕೊಡಿ ಎಂದು ಕೇಳುತ್ತಿದ್ದೇನೆ, ಮಾನ್ಯರೇ. ನಾಲ್ಕು ವರ್ಷಗಳಿಂದ ಕೇಳುತ್ತಿರುವುದೂ ಅದನ್ನೇ.

ನಿಯಮಗಳನ್ನು ತಮಗೆ ವಿವರಿಸುವ ಅಗತ್ಯವಿಲ್ಲ. 1948ರ ಕಾರ್ಖಾನೆಗಳ ಕಾಯ್ದೆಯ 45ನೇ ಕಲಮು 150 ಕಾರ್ಮಿಕರಿಗೆ ಒಂದಾದರೂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕೆಂದಿತು. ಅದನ್ನು ನೋಡಿಕೊಳ್ಳುವವರು ತರಬೇತಿಯ ಪ್ರಮಾಣಪತ್ರ ಉಳ್ಳವರಾಗಿ, ಕೆಲಸದ ವೇಳೆಯಲ್ಲೆಲ್ಲ ಕೈಗೆ ಸಿಗುವಂತಿರಬೇಕೆಂದೂ ಹೇಳಿತು. 2005ರ ಉದ್ಯೋಗ ಖಾತರಿ ಕಾಯ್ದೆಯ ಎರಡನೆಯ ಅನುಸೂಚಿ, ಕೆರೆಯ ಹೂಳೆತ್ತುವ ಜಾಗದಲ್ಲಿಯೂ ಅಂಥ ಪೆಟ್ಟಿಗೆ ಇರಬೇಕೆಂದಿತು. ಅದು ನ್ಯಾಯವಾದದ್ದೇ. ಆದರೆ ಅರವತ್ತು ಅಡಿ ಎತ್ತರದಲ್ಲಿ, ಆಸ್ಪತ್ರೆಯಿಂದ ಇಪ್ಪತ್ತು ಮೂವತ್ತು ಕಿಲೋಮೀಟರ್ ದೂರದಲ್ಲಿ, ಇಂದು ಈ ತೋಟ, ನಾಳೆ ಆ ತೋಟ ಎಂದು ದುಡಿಯುವ ಮನುಷ್ಯನಿಗೆ ಇಂಥದೇನೂ ಇಲ್ಲ. ಅವನ ಧಣಿ ನನ್ನಂಥ ಸಣ್ಣ ಹಿಡುವಳಿದಾರ. ನಮ್ಮನ್ನು ತಪಾಸಣೆ ಮಾಡುವವರೂ ಇಲ್ಲ, ನಮಗೆ ಕಲಿಸುವವರೂ ಇಲ್ಲ.

2005ರ ವಿಪತ್ತು ನಿರ್ವಹಣಾ ಕಾಯ್ದೆಯ 25ನೇ ಕಲಮಿನಂತೆ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ತಾವೇ. 30ನೇ ಕಲಮು ಸಮುದಾಯಕ್ಕೆ ತರಬೇತಿ ಕೊಡಿಸುವುದನ್ನು ಆ ಪ್ರಾಧಿಕಾರದ ಕೆಲಸಗಳಲ್ಲಿ ಸೇರಿಸಿದೆ. ಈ ಮಾತನ್ನು ನಾನು ಒಂದು ಕಚೇರಿಯಲ್ಲಿ ಎತ್ತಿದಾಗ, ಒಬ್ಬ ಮನುಷ್ಯ ಮರದಿಂದ ಬಿದ್ದರೆ ಅದು ವಿಪತ್ತಾಗುವುದಿಲ್ಲ ಎಂದು ಅಲ್ಲಿಯ ಅಧಿಕಾರಿಯೊಬ್ಬರು ಹೇಳಿದರು. ಕಾಯ್ದೆಯ ವ್ಯಾಖ್ಯೆಯ ಪ್ರಕಾರ ಅವರು ಹೇಳಿದ್ದು ಸರಿಯಿರಬಹುದು. ಆದರೆ ಅದನ್ನು ಕೇಳಿದ ಮೇಲೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ನಮ್ಮ ಕೊನೆಗೌಡರ ಮನೆಯ ಜಗಲಿಯಲ್ಲಿ ಒಂದು ದಿನ ಕುಳಿತು ಬಂದು ಅವರು ಇದೇ ಮಾತನ್ನು ಹೇಳಲಿ. ಮಳೆಗಾಲ ಬಂದಾಗಲೆಲ್ಲ ಅಡಿಕೆ ಸೀಮೆಯಲ್ಲಿ ಬೀಳುವವರು ಇದ್ದೇ ಇದ್ದಾರೆ. ಒಬ್ಬೊಬ್ಬರಾಗಿ ಬೀಳುತ್ತಾರೆ ಎಂಬ ಕಾರಣಕ್ಕೆ ಅವರು ಲೆಕ್ಕಕ್ಕೆ ಬಾರದೆ ಹೋಗಬಾರದು.

ಬೀಳುವುದೊಂದೇ ಅಪಾಯವೂ ಅಲ್ಲ. ಅಲ್ಯೂಮಿನಿಯಂ ದೋಟಿ ವಿದ್ಯುತ್ ತಂತಿಗೆ ತಗುಲಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಕಾರ್ಬನ್ ಫೈಬರ್ ಕೂಡ ವಿದ್ಯುತ್ತನ್ನು ಹರಿಸುತ್ತದೆಂಬುದು ಹಲವರಿಗೆ ಗೊತ್ತಿಲ್ಲ. ವಿದ್ಯುತ್ ಕಡಿತವಾಗುವ ಮೊದಲೇ ಗಾಬರಿಯಲ್ಲಿ ಹಿಡಿಯಲು ಹೋದವರಿಗೂ ಅದೇ ಗತಿಯಾಗುತ್ತದೆ. ಉಸಿರು ನಿಂತವರ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕೆಂಬುದು ಗೊತ್ತಿಲ್ಲದೆ, ಬಾಯಿಗೆ ನೀರು ಹಾಕುತ್ತಾ ಸಮಯ ಕಳೆಯುತ್ತೇವೆ. ಕೊಳಕುಮಂಡಲ ಹಾವು ಕಚ್ಚಿದರೆ ಇಂದಿಗೂ ಹಗ್ಗ ಬಿಗಿದು ಕಟ್ಟುತ್ತಾರೆ, ಬ್ಲೇಡಿನಿಂದ ಕೊಯ್ಯುತ್ತಾರೆ. ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ರಾಜ್ಯ ಸರ್ಕಾರ 2024ರಲ್ಲಿಯೇ ಆದೇಶಿಸಿದೆ. ವರದಿಯಾಗುವುದು ಆಸ್ಪತ್ರೆ ಮುಟ್ಟಿದ ಮೇಲೆ. ಆಸ್ಪತ್ರೆ ಮುಟ್ಟುವವರೆಗಿನ ಎರಡು ಗಂಟೆ ನಮ್ಮಂಥವರ ಕೈಯಲ್ಲಿರುತ್ತದೆ.

ಆದ್ದರಿಂದ ನನ್ನ ಬೇಡಿಕೆಯನ್ನು ಮತ್ತೊಮ್ಮೆ ಬರೆಯುತ್ತೇನೆ. ಪ್ರತಿ ವರ್ಷ ಮೇ ತಿಂಗಳಿನಲ್ಲಿ, ಅಡಿಕೆ ಬೆಳೆಯುವ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ, ಕೊನೆಗೌಡರಿಗೆ, ಔಷಧಿ ಬೆರೆಸುವವರಿಗೆ, ಅವರ ಮನೆಯವರಿಗೆ ಮತ್ತು ನಮ್ಮಂಥ ಬೆಳೆಗಾರರಿಗೆ ಒಂದು ದಿನದ ಪ್ರಥಮ ಚಿಕಿತ್ಸೆಯ ತರಬೇತಿ ನಡೆಯಬೇಕು. ಅದು ತಾಲ್ಲೂಕು ಕೇಂದ್ರದ ಸಭಾಭವನದಲ್ಲಿ, ದೀಪ ಬೆಳಗಿಸಿ, ಭಾಷಣ ಮಾಡಿ, ಫೋಟೋ ತೆಗೆಸಿಕೊಂಡು ಮುಗಿಯಬಾರದು. ತೋಟದಲ್ಲಿ, ಇಳಿಜಾರಿನಲ್ಲಿ, ಕಾಲುಸಂಕದ ಪಕ್ಕದಲ್ಲಿ, ಕೈಯಿಂದ ಮಾಡಿಸಿ ಕಲಿಸುವಂತಿರಬೇಕು. ಅಂದು ದುಡಿಮೆ ಬಿಟ್ಟು ಬರುವವರಿಗೆ ಆ ದಿನದ ಕೂಲಿ ಸಿಗಬೇಕು, ಇಲ್ಲದಿದ್ದರೆ ಅವರು ಬರಲಾರರು. ಮೇ ತಿಂಗಳಿನಲ್ಲಿ ಎಲ್ಲ ಬೆಳೆಗಾರರೂ ಮೈಲುತುತ್ತ ಕೊಳ್ಳಲು ಸೇವಾ ಸಹಕಾರಿ ಸಂಘಕ್ಕೆ ಬಂದೇ ಬರುತ್ತೇವೆ. ತರಬೇತಿಯ ದಿನವನ್ನು ಅಲ್ಲಿಯೇ ತಿಳಿಸಬಹುದು. ಸಂಘದ ಅಂಗಡಿಯ ಬದಿಯಲ್ಲಿ, ಬಿದ್ದವರನ್ನು ಮಲಗಿಸಿ ಕಟ್ಟಲು ಪಟ್ಟಿಗಳಿರುವ ಒಂದು ಹಲಗೆಯನ್ನೂ ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನೂ ಇಟ್ಟರೆ ಊರಿಗೆಲ್ಲ ಸಿಗುತ್ತದೆ. ಮರ ಹತ್ತುವ ಕೌಶಲ ಕಲಿಸುವ ಶಿಬಿರಗಳು ಅಲ್ಲಲ್ಲಿ ನಡೆದಿವೆ, ಆ ಕೆಲಸ ಮಾಡಿದವರಿಗೆ ನನ್ನ ಕೃತಜ್ಞತೆಯಿದೆ. ಬಿದ್ದವರನ್ನು ಎತ್ತುವುದನ್ನೂ ಅದೇ ಶ್ರದ್ಧೆಯಿಂದ ಕಲಿಸಿ.

ಯಾವ ಇಲಾಖೆ ಇದನ್ನು ಮಾಡಬೇಕೆಂಬುದನ್ನು ತಾವೇ ತೀರ್ಮಾನಿಸಿ. ಅದನ್ನು ತೀರ್ಮಾನಿಸುವುದು ನನ್ನ ಕೈಯಲ್ಲಿಲ್ಲ. ನಾಲ್ಕನೆಯ ಕಚೇರಿಗೆ ಹೋಗುವ ತ್ರಾಣವೂ ನನ್ನಲ್ಲಿ ಉಳಿದಿಲ್ಲ.

ಗುಡ್ಡದ ನೆತ್ತಿಗೆ ಓಡಿದ ಆ ಹುಡುಗನಿಗೆ ಈಗ ಇಪ್ಪತ್ತು ವರ್ಷ. ಬೇರೆ ದುಡಿಮೆ ಹುಡುಕಿಕೊಡುತ್ತೇನೆಂದು ಹೇಳಿದೆ, ಅಪ್ಪನ ಕೆಲಸವನ್ನೇ ಮಾಡುತ್ತೇನೆಂದ. ಈ ವರ್ಷ ನಮ್ಮ ತೋಟದ ಔಷಧಿಗೆ ಅವನೇ ಮರ ಹತ್ತುತ್ತಾನೆ. ಮಳೆ ಹಿಡಿದರೆ ಜೂನ್ ಮೊದಲ ವಾರದಲ್ಲಿ ಕೆಲಸ ಶುರುವಾಗುತ್ತದೆ. ಅಷ್ಟರೊಳಗೆ ನಮ್ಮ ಪಂಚಾಯಿತಿಯಲ್ಲಿ ಒಂದು ದಿನದ ತರಬೇತಿಗೆ ದಿನಾಂಕ ಕೊಡಿ. ನಮ್ಮ ತೋಟದಲ್ಲೇ ಮಾಡಬಹುದು, ಬಂದವರಿಗೆಲ್ಲ ಊಟದ ವ್ಯವಸ್ಥೆಯನ್ನು ನಾನು ಮಾಡುತ್ತೇನೆ, ಹಲಗೆಯನ್ನು ಈಗಾಗಲೇ ಮಾಡಿಸಿ ಇಟ್ಟಿದ್ದೇನೆ. ಕಲಿಸುವವರನ್ನು ಮಾತ್ರ ಕಳಿಸಿಕೊಡಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಅಡಿಕೆ ಬೆಳೆಗಾರ