ಕ್ವಾರ್ಟರ್ಸ್ ಕೀಲಿ ಕೊಡುವ ಮುಂಚೆ

ಹುಬ್ಬಳ್ಳಿ,
ಭಾನುವಾರ

ಪ್ರೀತಿಯ ಮಗಳೇ,

ನಾನು ಆರಾಮ ಇದ್ದೇನೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹ್ಞೂಂ ಅವ್ವಾ, ಹ್ಞೂಂ" ಅನ್ನುತ್ತಾ ಆ ಕಡೆ ಟೈಪ್ ಮಾಡುತ್ತಿರುತ್ತೀಯ. ಆ ಟಕಟಕ ಸದ್ದು ನನಗೂ ಕೇಳುತ್ತದೆ. ಅದಕ್ಕೇ ಪತ್ರ.

ಹೋದ ತಿಂಗಳು ಬಂದಾಗ ನಿನ್ನ ಗೆಳತಿಯರನ್ನು ಗದಗ ರೋಡಿನ ರೈಲ್ವೆ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆಯಲ್ಲ. ಆಮೇಲೆ ಫೋಟೋ ಕಳಿಸಿ "ಅಜ್ಜನ ಕಾಲದ ಎಂಜಿನ್, ಎಷ್ಟು ಚೆಂದ" ಅಂತ ಬರೆದೆ. ಚೆಂದ ಹೌದು. ಬಣ್ಣ ಬಳಿದು ನಿಲ್ಲಿಸಿದರೆ ಯಾವ ಎಂಜಿನ್ ಚೆಂದ ಕಾಣುವುದಿಲ್ಲ ಹೇಳು. ನಿಮ್ಮಜ್ಜ ಬಂದಿದ್ದರೆ ಫೋಟೋ ತೆಗೆಸಿಕೊಳ್ಳುತ್ತಿರಲಿಲ್ಲ. ಮೊದಲು ಬಗ್ಗಿ ಅದರ ಹೊಟ್ಟೆಯ ಕೆಳಗೆ ನೋಡುತ್ತಿದ್ದರು, ಬೂದಿ ಪೂರ್ತಿ ತೆಗೆದಿದ್ದಾರೋ ಇಲ್ಲವೋ ಅಂತ.

ಮ್ಯೂಸಿಯಂ 2020ರಲ್ಲಿ ಶುರುವಾದಾಗ ನಾನೂ ಹೋಗಿ ಬಂದೆ. ಮಲಪ್ರಭಾ, ಘಟಪ್ರಭಾ ಅಂತ ಎರಡು ಹಳೇ ಮನೆಗಳನ್ನು ಚೊಕ್ಕ ಮಾಡಿ ಹಳೇ ಸಾಮಾನು ಇಟ್ಟಿದ್ದಾರೆ. ನನಗೂ ಸಂತೋಷವೇ ಆಯಿತು. ಆದರೆ ನೀನು ಹುಟ್ಟಿ ಬೆಳೆದದ್ದು ಮ್ಯೂಸಿಯಂನಲ್ಲಿ ಅಲ್ಲವಲ್ಲ. ನಿವೃತ್ತಿಯಾಗಿ ಈ ರೈಲ್ವೆ ಮನೆ ಬಿಡುವ ಮುಂಚೆ ಒಂದಿಷ್ಟು ನಿನಗೆ ಗೊತ್ತಿರಲಿ ಅನ್ನಿಸಿತು.

ನಿಮ್ಮಜ್ಜ ನವಲಗುಂದ ಕಡೆಯವರು. ಎರೆ ಹೊಲ ಇತ್ತು, ಮಳೆ ಇರಲಿಲ್ಲ. 1948ರಲ್ಲಿ ಇಲ್ಲಿಗೆ ಬಂದು ಎಂಜಿನ್ ಸಜ್ಜು ಮಾಡುವ ಲೋಕೋ ಶೆಡ್ಡಿನಲ್ಲಿ ಖಲಾಸಿ, ಅಂದರೆ ಕೈಯಾಳು, ಆದರು. ನೋಡಿದರೆ ಈ ರೈಲೇ ಬರದಿಂದ ಬಂದದ್ದು. 1876ರಿಂದ 78ರವರೆಗೆ ದೊಡ್ಡ ಬರ ಬಿತ್ತಲ್ಲ, ಆಗ ಈ ಸೀಮೆಗೆ ಕಾಳು ಸಾಗಿಸಲು ಹಳಿ ಇರಲಿಲ್ಲ. ಆಮೇಲೆ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಆಯಿತು. ಬರದ ಹೆಸರು ಹೇಳಿದರು, ಕಣ್ಣು ನಮ್ಮ ಹತ್ತಿಯ ಮೇಲೂ ಇತ್ತು, ಸುಮ್ನೆ ಯಾರು ಹಳಿ ಹಾಕುತ್ತಾರೆ? ಆ ದಶಕದಲ್ಲೇ ಇಲ್ಲಿ ವರ್ಕ್‌ಶಾಪ್ ಎದ್ದಿತು. ಊರು ಮೊದಲೇ ಇತ್ತು, ಪೇಟೆ ಇತ್ತು, ಮೂರುಸಾವಿರ ಮಠ ಇತ್ತು. ಆದರೆ ಗದಗ ರೋಡು, ಕೇಶ್ವಾಪುರದ ಕಡೆಯ ಈ ಹುಬ್ಬಳ್ಳಿ ಬೆಳೆದದ್ದು ರೈಲಿನಿಂದ.

ನಿಮ್ಮಜ್ಜನ ತಗಡಿನ ಪೆಟ್ಟಿಗೆ ಅಟ್ಟದ ಮೇಲಿಂದ ಇಳಿಸಿದೆ. ಮೇಲೆ ಬಿಳಿ ಬಣ್ಣದಲ್ಲಿ "ಎಂ.ಎಸ್.ಎಂ." ಅಂತ ಇದೆ. ಅವರು ಸೇರಿದಾಗ ಅದು ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ. 1951ರಲ್ಲಿ ಸದರ್ನ್ ರೈಲ್ವೆ ಆಯಿತು, 1966ರಲ್ಲಿ ಸೌತ್ ಸೆಂಟ್ರಲ್. ನಾನು ಕೆಲಸಕ್ಕೆ ಸೇರಿದಾಗಲೂ ಅದೇ ಇತ್ತು. ಆಮೇಲೆ ಮುಖ್ಯ ಕಚೇರಿ ಬೆಂಗಳೂರಿಗೋ ಹುಬ್ಬಳ್ಳಿಗೋ ಅಂತ ಜಗ್ಗಾಟ ನಡೆದು, 2003ರ ಏಪ್ರಿಲ್ 1ಕ್ಕೆ ನೈರುತ್ಯ ರೈಲ್ವೆ ಆಗಿ ಇಲ್ಲೇ ಬಂತು. ಬೋರ್ಡು ಮೂರು ಸಲ ಬದಲಾಯಿತು. ನಮ್ಮ ಮನೆಯ ಊಟದ ಡಬ್ಬಿ ಕಟ್ಟುವ ಹೊತ್ತು ಮಾತ್ರ ಒಂದೇ.

ಹೊತ್ತು ಅಂದರೆ ಭೋಂಗಾ, ಪಾಳಿಯ ಸೈರನ್. ವರ್ಕ್‌ಶಾಪಿನ ಭೋಂಗಾ ಕೂಗಿದರೆ ಈ ಓಣಿಯಲ್ಲಿ ಗಡಿಯಾರ ಯಾರೂ ನೋಡುತ್ತಿರಲಿಲ್ಲ. ಮೊದಲ ಭೋಂಗಾಕ್ಕೆ ರೊಟ್ಟಿ ತಟ್ಟಿ ಮುಗಿದಿರಬೇಕು. ಎರಡನೆಯದಕ್ಕೆ ಗದಗ ರೋಡಿನ ತುಂಬ ಸೈಕಲ್ಲೇ ಸೈಕಲ್, ಹ್ಯಾಂಡಲ್ಲಿಗೆ ಡಬ್ಬಿ. ಗೇಟಿನಲ್ಲಿ ಹಾಜರಿಯ ಹಿತ್ತಾಳೆ ಬಿಲ್ಲೆ ತೆಗೆದುಕೊಳ್ಳುವುದು, ಸಂಜೆ ವಾಪಸ್ ಹಾಕುವುದು. ಬಿಲ್ಲೆ ತಡವಾದರೆ ಸಂಬಳದಲ್ಲಿ ಕಡಿತ. ಹಾಲಿನವನು ತಡವಾಗಿ ಬಂದರೆ ನಿಮ್ಮ ಆಯಿ, ನನ್ನ ಅತ್ತೆ, ಬೈಯುತ್ತಿದ್ದದ್ದೂ ಅದೇ ಮಾತಿನಲ್ಲಿ: "ನಿನ್ನ ಬಿಲ್ಲೆ ಹೋತು ನೋಡು ಇವತ್ತ!"

ನಾನು ಮದುವೆಯಾಗಿ ಬಂದಾಗ ಮೀಟರ್ ಗೇಜಿನ ಉಗಿ ಎಂಜಿನ್ ಇನ್ನೂ ಪೂರ್ತಿ ಹೋಗಿರಲಿಲ್ಲ. ತಣ್ಣಗಿನ ಎಂಜಿನ್ನಿಗೆ ಉಗಿ ಏರಲು ತಾಸುಗಟ್ಟಲೆ ಬೇಕು. ಬೆಳಗಿನ ಗಾಡಿಗೆ ಅಂದರೆ ನಡುರಾತ್ರಿಯೇ ಬೆಂಕಿ ಹಾಕಬೇಕು. ನಿಮ್ಮಜ್ಜ ಅಷ್ಟೂ ವರ್ಷ ಆ ನಡುರಾತ್ರಿಗಳನ್ನು ಕಳೆದವರು. ಗಾಳಿ ಶೆಡ್ಡಿನ ಕಡೆಯಿಂದ ಬೀಸಿದರೆ ಓಣಿಯ ಹೆಂಗಸರೆಲ್ಲ ಓಡುತ್ತಿದ್ದೆವು, ಒಣಗಿಸಿದ ಹಪ್ಪಳ ಎತ್ತಲು. ಬಿಳಿ ಧೋತರದ ಮೇಲೆ ಕರಿ ಚುಕ್ಕೆ. ಅರ್ಧ ಸುಟ್ಟ ಕಲ್ಲಿದ್ದಲನ್ನು ಬೂದಿಯಿಂದ ಆರಿಸಿ ತಂದು ಬಚ್ಚಲ ಒಲೆಗೆ ಹಾಕುತ್ತಿದ್ದೆವು. ನೀನು ಚೆಂದ ಅಂದ ಎಂಜಿನ್ ನಮಗೆ ಸ್ನಾನದ ನೀರನ್ನೂ ಕಾಯಿಸಿದೆ, ಮಡಿ ಬಟ್ಟೆಯನ್ನೂ ಕೆಡಿಸಿದೆ.

1974ರ ಮುಷ್ಕರದ ಕಥೆ ನಿಮ್ಮ ಆಯಿ ಹೇಳಿದ್ದು. ಆಗ ನಾನು ಗದಗಿನಲ್ಲಿ ಲಂಗ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಹುಡುಗಿ. ಮೇ 8ಕ್ಕೆ ಶುರುವಾಗಿ 27ಕ್ಕೆ ಮುಗಿಯಿತು. ದೇಶದಲ್ಲಿ ಸುಮಾರು 17 ಲಕ್ಷ ಜನ ಕೆಲಸ ನಿಲ್ಲಿಸಿದ್ದರಂತೆ. ಮುಂದಾಳು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಎಂಜಿನ್ ಓಡಿಸುವವರಿಗೆ ಎಂಟು ತಾಸಿನ ಕೆಲಸ ಬೇಕು, ಬೋನಸ್ ಬೇಕು ಅನ್ನುವುದು ಬೇಡಿಕೆ. ಎಲ್ಲ ಕಡೆ ಸಾವಿರಾರು ಜನರನ್ನು ಜೈಲಿಗೆ ಹಾಕಿದರು. ನಿಮ್ಮಜ್ಜ ಅಷ್ಟೂ ದಿನ ಮನೆಯಲ್ಲಿ ಮಲಗಲಿಲ್ಲ, ನವಲಗುಂದದ ಕಡೆ ಹೊಲದಲ್ಲಿ ಇದ್ದರು. ಆಯಿ ಕಿರಾಣಿ ಅಂಗಡಿಗೆ ಹೋಗಿ ನಿಂತರೆ ಅಂಗಡಿಯವನು ಏನೂ ಕೇಳದೆ ಜೋಳ ಅಳೆದು ಕೊಟ್ಟನಂತೆ. ಉದ್ರಿ ಬರೆದುಕೊಳ್ಳಲೂ ಇಲ್ಲವಂತೆ. "ಬರಕೊಂಡಿದ್ರ ನಾನು ತೀರಿಸತಿದ್ದೆ. ಬರೀಲಿಲ್ಲ, ಅದಕ್ಕ ಜೀವನಪೂರ್ತಿ ಅವನ ಅಂಗಡಿಗೇ ಹೋಗಬೇಕಾತು" ಅಂತ ಆಯಿ ನಗುತ್ತಿದ್ದರು. ಆ ಮುಷ್ಕರ ಗೆಲ್ಲಲಿಲ್ಲ. ಬೋನಸ್ ಮಾತ್ರ ಐದಾರು ವರ್ಷ ಬಿಟ್ಟು ಬಂತು. ದಸರೆ ಮುಂದೆ ಬೋನಸ್ ಬಂದಾಗೆಲ್ಲ ನಿನಗೆ ಹೊಸ ಫ್ರಾಕು ಬರುತ್ತಿತ್ತಲ್ಲ, ಅದರ ದಾರ ಅಲ್ಲಿಂದ ಬಂದದ್ದು.

ನಿಮ್ಮಪ್ಪನ ವಿಷಯ ಜಾಸ್ತಿ ಬರೆಯಲು ಆಗುವುದಿಲ್ಲ, ನಿನಗೇ ಗೊತ್ತು. ವ್ಹೀಲ್ ಶಾಪಿನಲ್ಲಿದ್ದರು. ಓಡಿ ಓಡಿ ಗಾಲಿಯ ಅಂಚು ಸವೆಯುತ್ತದೆ, ಅದನ್ನು ದೊಡ್ಡ ಲೇತಿನಲ್ಲಿ ಕೆತ್ತಿ ಮತ್ತೆ ಆಕಾರಕ್ಕೆ ತರುವ ಕೆಲಸ. 1990ರ ದಶಕದಲ್ಲಿ ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕಿದರು. ಎರಡು ಹಳಿಗಳ ನಡುವೆ ಒಂದು ಮೀಟರ್ ಇದ್ದ ಅಂತರ 1676 ಮಿಲಿಮೀಟರ್ ಆಯಿತು. ಕಲಿತ ಕೈ ಮತ್ತೆ ಕಲಿಯಬೇಕಾಯಿತು. ರಾತ್ರಿ ಊಟಕ್ಕೆ ಕೂತಾಗ ನಿಮ್ಮಪ್ಪ ತಾಟಿನ ಅಂಚಿನ ಮೇಲೆ ಬೆರಳಾಡಿಸಿ ಅಳತೆ ನೋಡುತ್ತಿದ್ದರು. ಸಾರು ಆರಿಹೋಗುತ್ತಿತ್ತು.

ಅವರು ಹೋದಾಗ ನಿನಗೆ ಐದು ವರ್ಷ. ನನಗೆ ಅನುಕಂಪದ ನೌಕರಿ ಸಿಕ್ಕಿತು. ಮೊದಲ ದಿನ ಆ ಹಿತ್ತಾಳೆ ಬಿಲ್ಲೆ ಕೈಗೆ ಬಂದಾಗ ಏನು ಮಾಡಬೇಕು ತಿಳಿಯದೆ ಸೆರಗಿಗೆ ಗಂಟು ಹಾಕಿಕೊಂಡೆ. ನಿನ್ನನ್ನು ಪಕ್ಕದ ಮನೆಯ ತೆಲುಗಿನ ಪಿನ್ನಿ, ಅಂದರೆ ಚಿಕ್ಕಮ್ಮ, ಇಟ್ಟುಕೊಂಡರು. ಅದಕ್ಕೇ ನಿನಗೆ ಒಂದರಿಂದ ಹತ್ತು ತೆಲುಗಿನಲ್ಲಿ ಮೊದಲು ಬಂತು, ಕನ್ನಡದಲ್ಲಿ ಆಮೇಲೆ. ಈ ಓಣಿಯ ನಳದ ಸಾಲಿನಲ್ಲಿ ಕನ್ನಡ, ತೆಲುಗು, ತಮಿಳು, ಮರಾಠಿ, ಉರ್ದು ಎಲ್ಲ ಇದ್ದವು. ಜಗಳ ಮಾತ್ರ ಹುಬ್ಬಳ್ಳಿ ಕನ್ನಡದಲ್ಲೇ ಆಗಬೇಕು. ಡಿಸೆಂಬರಿನಲ್ಲಿ ಆ ಕಡೆ ಮನೆಯ ಆ್ಯಂಗ್ಲೋ ಇಂಡಿಯನ್ ಆಂಟಿ ಕೇಕು ಕೊಡುತ್ತಿದ್ದರು. ಅದರಲ್ಲಿ ರಮ್ ಇದೆ ಅಂತ ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಆಯಿ ಎರಡು ತುಂಡು ತಿನ್ನುತ್ತಿದ್ದರು.

ನನ್ನ ಕೆಲಸ ಏನು ಅಂತ ನೀನು ಯಾವತ್ತೂ ಸರಿಯಾಗಿ ಕೇಳಲಿಲ್ಲ. "ಅವ್ವ ರೈಲ್ವೆಯಲ್ಲಿದ್ದಾಳೆ" ಅಂದರೆ ಮುಗಿಯಿತು. ಕೇಳು. ರೈಲಿನ ಡಬ್ಬಿಗಳು ಓವರ್‌ಹಾಲ್‌ಗೆ, ಅಂದರೆ ಪೂರ್ತಿ ಬಿಚ್ಚಿ ರಿಪೇರಿಗೆ, ಬರುತ್ತವೆ, ಹಳೇ ನೀಲಿ ಡಬ್ಬಿಗಳಾದರೆ 18 ತಿಂಗಳಿಗೊಮ್ಮೆ. ಕ್ರೇನಿನಲ್ಲಿ ಡಬ್ಬಿ ಎತ್ತಿ ಗಾಲಿ ಬೇರೆ ಮಾಡುತ್ತಾರೆ. ಫ್ಯಾನು, ದೀಪ, ಸೀಟು ಎಲ್ಲ ಬಿಚ್ಚುತ್ತಾರೆ. ಸೀಟು ನಮ್ಮ ಟ್ರಿಮ್ಮಿಂಗ್ ಶಾಪಿಗೆ ಬರುತ್ತವೆ. ಸ್ಲೀಪರ್ ಡಬ್ಬಿಯೊಂದಕ್ಕೆ 72 ಬರ್ತು. ಹರಿದ ರೆಕ್ಸಿನ್ ಕಿತ್ತು, ಒಳಗಿನ ಫೋಮ್ ನೋಡಿ, ಹೊಸದು ಅಳೆದು ಕತ್ತರಿಸಿ ಹೊಲಿಯಬೇಕು. ಮನೆಯ ಮಷಿನ್ನಿನ ಸೂಜಿ ಅಲ್ಲ, ಅದರ ಸೂಜಿ ನೋಡಿದರೆ ನೀನು ಹೆದರುತ್ತೀಯ. ಮೊದಲ ಆರು ತಿಂಗಳು ನನ್ನ ಹೆಬ್ಬೆರಳು ನೆಟ್ಟಗಿರಲಿಲ್ಲ.

ಸೀಟಿನ ಸಂದಿನಲ್ಲಿ ಏನೇನು ಸಿಗುತ್ತಿತ್ತು ಗೊತ್ತಾ? ಹೇರ್‌ಪಿನ್, ಗುಟ್ಕಾ ಚೀಟಿ, ಬಾಚಣಿಕೆ, ಒಣಗಿದ ಚಪಾತಿ, ಯಾರೋ ಮಡಚಿಟ್ಟ ಜಾತಕ. ಒಂದು ಸಲ ಕೂಸಿನ ಬೆಳ್ಳಿ ಗೆಜ್ಜೆ, ಒಂದೇ ಕಾಲಿನದು. ಸೂಪರ್‌ವೈಸರ್ ಕೈಗೆ ಕೊಟ್ಟೆ. ಅವತ್ತು ಮನೆಗೆ ಬಂದು ನಿನ್ನ ಎರಡೂ ಕಾಲು ಮುಟ್ಟಿ ನೋಡಿದೆ. ನೀನು "ಕಚಗುಳಿ ಬ್ಯಾಡ" ಅಂದೆ. ಬ್ಲೇಡಿನಲ್ಲಿ ಸುಮ್ನೆ ಸೀಳಿದ ಸೀಟು ಕಂಡರೆ ಈಗಲೂ ಸಿಟ್ಟು ಬರುತ್ತದೆ. ಸೀಳಿದವನಿಗೆ ದಂಡ ಬೇಡ, ಒಂದು ದಿನ ನನ್ನ ಪಕ್ಕ ಕೂರಿಸಿದರೆ ಸಾಕು.

ಖಂಡೇ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಮನೆಮಂದಿಯನ್ನು ಒಳಗೆ ಬಿಡುತ್ತಿದ್ದರು, ನೆನಪಿದೆಯಾ? ಮಷಿನ್ನುಗಳಿಗೆಲ್ಲ ವಿಭೂತಿ, ಚೆಂಡುಹೂವು, ಬಾಳೆಕಂಬ. ನೀನು ಕ್ರೇನು ನೋಡಿ ನನ್ನ ಸೀರೆಯೊಳಗೆ ಮುಖ ಮುಚ್ಚಿಕೊಂಡೆ. ಆಮೇಲೆ ವ್ಹೀಲ್ ಶಾಪಿನ ಹಿರಿಯರೊಬ್ಬರು ನಿನ್ನನ್ನು ಎತ್ತಿಕೊಂಡು ಹೋಗಿ ಒಂದು ಲೇತು ತೋರಿಸಿ "ಇದು ನಿಮ್ಮಪ್ಪಂದು" ಅಂದರು. ನೀನು ಕೈಯಲ್ಲಿದ್ದ ಚುರುಮುರಿಯಲ್ಲಿ ಅರ್ಧ ಅದರ ಮುಂದೆ ಇಟ್ಟು ಬಂದೆ. ಮ್ಯೂಸಿಯಂನಲ್ಲಿ ಎಷ್ಟು ಹುಡುಕಿದರೂ ಅದು ಸಿಗುವುದಿಲ್ಲ ನೋಡು.

ಸರಿ, ಈಗ ಕೆಲಸದ ಮಾತು. ತಿಂಗಳ ಕೊನೆಗೆ ನನ್ನ ನಿವೃತ್ತಿ. ಕ್ವಾರ್ಟರ್ಸ್‌ನಲ್ಲಿ ಇನ್ನೂ ನಾಲ್ಕು ತಿಂಗಳು ಇರಬಹುದು, ಆದರೆ ನಾನು ಇರುವುದಿಲ್ಲ. ಕೇಶ್ವಾಪುರದಲ್ಲಿ ಎರಡು ಕೋಣೆಯ ಮನೆ ಬಾಡಿಗೆಗೆ ನೋಡಿದ್ದೇನೆ. ಬೆಂಗಳೂರಿಗೆ ಬಾ ಅಂತ ನೀನು ಮತ್ತೆ ಶುರು ಮಾಡಬೇಡ. ಬರುತ್ತೇನೆ, ಹದಿನೈದು ದಿನಕ್ಕೆ. ರೈಲಿನ ಪುಕ್ಕಟೆ ಪಾಸ್ ಇರುವವರು ತಿರುಗಬೇಕು, ಅಲ್ವಾ? ಇಷ್ಟು ವರ್ಷ ಪಾಸ್ ಇತ್ತು, ರಜೆ ಇರಲಿಲ್ಲ. ರಜೆ ಇದ್ದಾಗ ಕೈಯಲ್ಲಿ ದುಡ್ಡಿರಲಿಲ್ಲ.

ನೀನು ಸಾಮಾನು ಕಟ್ಟಲು ಬರುವಾಗ ವಂದೇ ಭಾರತ್ ಬೇಡ, ರಾತ್ರಿ ಗಾಡಿಗೆ ಬಾ, ಒಂದು ದಿನ ಪೂರ್ತಿ ಸಿಗುತ್ತದೆ. ಡಬ್ಬಿ ಎಲ್ಲಿ ನಿಲ್ಲುತ್ತದೆ ಅಂತ ನೋಡಿಕೋ. 2023ರಲ್ಲಿ ಪ್ಲಾಟ್‌ಫಾರಂ 1507 ಮೀಟರ್ ಮಾಡಿ ಜಗತ್ತಿಗೇ ಉದ್ದ ಅಂತ ದಾಖಲೆ ಮಾಡಿದ್ದಾರೆ. ಹೆಮ್ಮೆಯೇ. ಆದರೆ ಚೀಲ ಹೊತ್ತು ನಡೆಯುವವರು ನಾವು ತಾನೇ.

ಅಜ್ಜನ ಪೆಟ್ಟಿಗೆ ನಿನಗೆ. ನಿಮ್ಮಪ್ಪನ ಸೈಕಲ್ಲನ್ನು ಪಿನ್ನಿಯ ಮೊಮ್ಮಗ ಕೇಳಿದ್ದಾನೆ, ಕೊಡುತ್ತೇನೆ. ಹಿತ್ತಲಲ್ಲಿ ಆಯಿ ಹಚ್ಚಿದ ಕರಿಬೇವಿನ ಗಿಡ ಈಗ ನನ್ನೆತ್ತರಕ್ಕಿಂತ ಮೇಲಿದೆ, ಅದನ್ನು ಕೀಳುವುದಿಲ್ಲ. ಮುಂದೆ ಬರುವವರಿಗೂ ಒಗ್ಗರಣೆ ಬೇಕಲ್ಲ. ಆದರೆ ಅದರ ಬೇರಿನಿಂದ ಪಕ್ಕದಲ್ಲಿ ಮೂರು ಸಸಿ ಎದ್ದಿವೆ. ಒಂದನ್ನು ಮಣ್ಣಿನ ಸಮೇತ ತೆಗೆದು ಇಡುತ್ತೇನೆ. ಬೆಂಗಳೂರಿನಲ್ಲಿ ಒಂದು ಕುಂಡ ತಂದಿಟ್ಟಿರು. ಬಾಲ್ಕನಿಗೆ ಒಪ್ಪುತ್ತದೆ ಅಂತ ಅಂಗೈಯಷ್ಟರದು ತರಬೇಡ, ದೊಡ್ಡದೇ ಇರಲಿ.

ನಿನ್ನ
ಅವ್ವ