ಮರ ಕಮ್ಮಿ, ನೀರು ಜಾಸ್ತಿ

ಯುಗಾದಿ ಸಂಚಿಕೆ ನಾಳೆ ಬೆಳಿಗ್ಗೆ ಹೋಗಬೇಕು, ಈ ಪುಟ ಇನ್ನೂ ಖಾಲಿ. ಮಗಳು ಶಾಲೆಗೆಂದು ಏಮಿ ಟ್ಯಾನ್ ಅವರ ‘ದಿ ಜಾಯ್ ಲಕ್ ಕ್ಲಬ್’ ಓದುತ್ತಿದ್ದಾಳೆ. ಊಟಕ್ಕೆ ಕೂತಾಗ, “ಅಮ್ಮಾ, ನನ್ನಲ್ಲಿ ಯಾವುದು ಜಾಸ್ತಿ, ನೀರಾ ಬೆಂಕಿಯಾ?” ಅಂದಳು. ನಿದ್ದೆ ಕಮ್ಮಿ, ಹೋಗಿ ಮಲ್ಕೋ ಅಂದೆ. ಅವಳು ಮಲಗಿದ ಮೇಲೆ ಪುಸ್ತಕ ನಾನು ಹಿಡಿದೆ.

1989ರ ಕಾದಂಬರಿ. ಚೀನಾ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋ ಸೇರಿದ ತಾಯಂದಿರು, ಅಮೆರಿಕದಲ್ಲೇ ಬೆಳೆದ ಹೆಣ್ಣುಮಕ್ಕಳು. ಸುಯುವಾನ್ ಎಂಬ ತಾಯಿಯ ಪ್ರಕಾರ ಮನುಷ್ಯರೆಲ್ಲ ಮರ, ಬೆಂಕಿ, ಮಣ್ಣು, ಲೋಹ, ನೀರು ಸೇರಿ ಆದವರು. ಬೆಂಕಿ ಜಾಸ್ತಿಯಾದರೆ ಗಂಡನ ಹಾಗೆ ಸಿಟ್ಟು. ಮರ ಕಮ್ಮಿಯಾದರೆ ಗೆಳತಿ ಆನ್‌ಮೇ ಹಾಗೆ ಯಾರು ಏನೆಂದರೂ ಬಾಗೋದು. ಜೀವಶಾಸ್ತ್ರ ಅರ್ಧ, ಕಲೆ ಅರ್ಧ ಓದಿ ಎರಡನ್ನೂ ಬಿಟ್ಟ ಮಗಳು ಜಿಂಗ್‌ಮೇಗೆ ನೀರು ಜಾಸ್ತಿ!

ನಮ್ಮ ಮನೇಲೂ ಇದೇ ಅಲ್ವಾ? ನಮ್ಮ ಚಿಕ್ಕಮ್ಮ ಸಿಟ್ಟಾದಾಗಲೆಲ್ಲ ಅಜ್ಜಿ, “ಅವಳ್ದು ಪಿತ್ತದ ಮೈ, ಸಾಲದ್ದಕ್ಕೆ ಮೂಲಾ ನಕ್ಷತ್ರ” ಅನ್ನೋರು. ಜೀರಿಗೆ ಕೊತ್ತಂಬರಿ ಹುರಿದು, ಕುಟ್ಟಿ, ಬೆಲ್ಲ ಹಾಕಿ ಕಷಾಯ ಕಾಯಿಸಿ, ಹಿತ್ತಾಳೆ ಲೋಟದಲ್ಲಿ ಆರಿಸಿ ಆರಿಸಿ ತಾವೇ ನಿಂತು ಕುಡಿಸುತ್ತಿದ್ದರು. ಪ್ರೀತಿಗೇನೂ ಕೊರತೆ ಇರಲಿಲ್ಲ. ಆದರೆ ಪಿಯುಸಿ ಆದಮೇಲೆ ಕಾಲೇಜಿಗೆ ಕಳಿಸಲಿಲ್ಲವಲ್ಲ, ಆ ಸಿಟ್ಟು ಕಷಾಯಕ್ಕೆ ಇಳಿಯುತ್ತಾ? ಪಿತ್ತ ಅಂದುಬಿಟ್ಟರೆ ಯಾಕೆ ಸಿಟ್ಟು ಅಂತ ಕೇಳುವ ಕೆಲಸ ತಪ್ಪುತ್ತೆ.

ಸುಯುವಾನ್ ಅಷ್ಟಕ್ಕೇ ನಿಲ್ಲಲ್ಲ, ಅದಕ್ಕೇ ನನಗೆ ಇಷ್ಟವಾದಳು. ಚೀನೀ ಹೊಸವರ್ಷದ ಊಟಕ್ಕೆ ಏಡಿ ಬೇಯಿಸಿದ್ದಾಳೆ, ಒಂದಕ್ಕೆ ಕಾಲು ಮುರಿದಿದೆ. ಎಲ್ಲರೂ ಒಳ್ಳೊಳ್ಳೆಯದನ್ನು ಆರಿಸಿಕೊಂಡರೆ ಜಿಂಗ್‌ಮೇ ಮುರಿದದ್ದಕ್ಕೇ ಕೈ ಹಾಕುತ್ತಾಳೆ. ತಾಯಿ ಬಿಡಲ್ಲ. ಆಮೇಲೆ ಇಬ್ಬರೇ ಇದ್ದಾಗ, ಅದನ್ನು ಎತ್ತಿಕೊಳ್ಳೋಳು ನೀನೊಬ್ಬಳೇ ಅಂತ ನಂಗೊತ್ತಿತ್ತು ಅಂತ ಹೇಳಿ, ತನ್ನ ಹಸಿರುಕಲ್ಲಿನ ಪದಕ ಕೊಡುತ್ತಾಳೆ. ಎಷ್ಟು ವರ್ಷ ನೋಡುತ್ತಾ ಇದ್ದಿರಬೇಕು ಅವಳು!

ಸರಿ, ಸೂಚನೆಗಳು, ಜಾಗ ಕಮ್ಮಿ. ಯುಗಾದಿ ಕಾರ್ಯಕ್ರಮ ಭಾನುವಾರ, ಬೇವು ಯಾರ ಮನೇಲಾದರೂ ಇದ್ದರೆ ತನ್ನಿ, ಹೋಳಿಗೆ ಮಾಡುವವರು ಶುಕ್ರವಾರದೊಳಗೆ ಹೆಸರು ಕೊಡಿ, ಪಂಚಾಂಗ ಓದೋಕೆ ಇನ್ನೂ ಯಾರೂ ಸಿಕ್ಕಿಲ್ಲ, ಮಕ್ಕಳ ಕನ್ನಡ ತರಗತಿ ಆ ದಿನ ಇರಲ್ಲ. ಹಾಗೇ, ಮುಂದಿನ ಸಂಚಿಕೆಯ ಪುಟ ಜೋಡಿಸೋಕೆ ದಯವಿಟ್ಟು ಯಾರಾದರೂ ಬನ್ನಿ. ಯಾವ ನಕ್ಷತ್ರದವರಾದರೂ ಆದೀತು, ಟೈಪಿಂಗ್ ಬಂದರೆ ಸಾಕು.